ಎಡಿಸನ್ ಸಹಿಯೋ, ಟೆಸ್ಲಾ ಕಾಗದವೋ?

ಸಂಶೋಧಕರ ಕೈಬರಹ ಸಂಗ್ರಹಿಸಲು ಹೊರಟವರಿಗೆ ಮೊದಲು ಸಿಗುವುದು ಎಡಿಸನ್. ಅವರು 84 ವರ್ಷ ಬದುಕಿದರು, ಕಂಪನಿಗಳ ಮೇಲೆ ಕಂಪನಿ ಕಟ್ಟಿದರು. ಹಾಗಾಗಿ ಸಹಿ ಮಾಡಿದ ಪತ್ರ, ಷೇರು ಪತ್ರಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಹೆಸರಿನ ಮೇಲೆ ಕೊಡೆಯಂತೆ ಬಾಗಿದ ಆ ಉದ್ದ ಗೆರೆ ನೋಡಿದರೆ ಯಾರಿಗಾದರೂ ಗುರುತು ಸಿಗುತ್ತದೆ. ತೊಂದರೆಯೂ ಅಲ್ಲೇ ಇದೆ. ಅದೇ ಸಹಿಯನ್ನು ಅವರ ಕಂಪನಿ ಟ್ರೇಡ್‌ಮಾರ್ಕ್ ಮಾಡಿ ಫೋನೋಗ್ರಾಫ್‌ಗಳ (ಧ್ವನಿ ಮುದ್ರಿಸಿ ಕೇಳಿಸುವ ಯಂತ್ರಗಳ) ಮೇಲೆ ಅಚ್ಚು ಹಾಕಿತು. ಭೂತಗನ್ನಡಿ ಹಿಡಿದು ನೋಡಿ: ಗೆರೆ ಗೆರೆ ದಾಟುವ ಕಡೆ ಶಾಯಿ ದಟ್ಟವಾಗಿರಬೇಕು. ಎಲ್ಲೆಲ್ಲೂ ಒಂದೇ ಸಮ ಇದ್ದರೆ ಅದು ಅಚ್ಚಿನ ಸಹಿಯೇ ಎಂದು ಅನುಮಾನ ಪಡಿ.

ಪ್ರಯೋಗದ ಟಿಪ್ಪಣಿ ಬೇಕೆಂದರೆ ಕಥೆಯೇ ಬೇರೆ. ಎಡಿಸನ್ ಲ್ಯಾಬ್ ಪುಸ್ತಕಗಳ ದೊಡ್ಡ ರಾಶಿ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಸರ್ಕಾರದ ಸ್ವತ್ತು. ಅವುಗಳಲ್ಲೂ ಚಾರ್ಲ್ಸ್ ಬ್ಯಾಚಲರ್‌ನಂಥ ಸಹಾಯಕರ ಕೈಬರಹ ಜಾಸ್ತಿ. ಹೊರಗೆ ಒಂದು ಹಾಳೆ ಸಿಕ್ಕರೆ, ಬರೆದವರು ಯಾರು, ಅದು ಹೊರಗೆ ಬಂದದ್ದು ಹೇಗೆ ಎಂದು ಕೇಳಲೇಬೇಕು.

ಇನ್ನೊಬ್ಬ ಸಂಶೋಧಕ ನಿಕೋಲಾ ಟೆಸ್ಲಾ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. 1943ರಲ್ಲಿ ಅವರು ತೀರಿಕೊಂಡ ಮೇಲೆ ಕಾಗದಪತ್ರಗಳು ಈಗಿನ ಸರ್ಬಿಯಾದ ಬೆಲ್‌ಗ್ರೇಡ್‌ಗೆ ಹೋದವು. 1899ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಲ್ಲಿ ಪ್ರಯೋಗ ಮಾಡುವಾಗ ಬರೆದ ಟಿಪ್ಪಣಿಗಳೂ ಅಲ್ಲಿನ ಮ್ಯೂಸಿಯಂನಲ್ಲೇ ಇವೆ. ಹೊರಗೆ ಉಳಿದಿರುವುದು ಹೆಚ್ಚಾಗಿ ಬೇರೆಯವರಿಗೆ ಕಳಿಸಿದ ಪತ್ರಗಳು. ಅಪರೂಪ, ದುಬಾರಿ.

ಹೊಸಬರಾದರೆ ಎಡಿಸನ್ ಷೇರು ಪತ್ರ ಸಾಕು ಅಂತೀನಿ. ದುಡ್ಡು, ತಾಳ್ಮೆ ಎರಡೂ ಇದ್ದವರು ಟೆಸ್ಲಾ ಪತ್ರಕ್ಕೆ ಕಾಯಲಿ. ಸುಮ್ನೆ ಓದುವ ಆಸೆಯೇ? ಎಡಿಸನ್ ಪುಟಗಳನ್ನು ರಟ್ಗರ್ಸ್ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ.