ಹಳೇ ಬಿಎಸ್4 ಪಿಕಪ್ಪೋ, ಬಿಎಸ್6 ಪಿಕಪ್ಪೋ?

ಕಲಬುರಗಿಯಲ್ಲಿ ಬಾಡಿಗೆಗೆ ಓಡಿಸಲು ಡೀಸೆಲ್ ಪಿಕಪ್ ಹುಡುಕುತ್ತಿದ್ದೀರಾ? ಕಂಪನಿ ಯಾವುದು ಅನ್ನೋದು ಆಮೇಲೆ. ಮೊದಲು ಗಾಡಿ ಬಿಎಸ್4 ಇದೆಯೋ ಬಿಎಸ್6 ಇದೆಯೋ ನೋಡಿ. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನೋ ಸರ್ಕಾರಿ ನಿಯಮದ ಹಂತ. 2020ರ ಏಪ್ರಿಲ್‌ನಿಂದ ಬಂದಿದ್ದೆಲ್ಲ ಬಿಎಸ್6.

ಬಿಎಸ್6ರ ದೊಡ್ಡ ತಲೆನೋವು ಡಿಪಿಎಫ್. ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದು. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಗಂಜ್‌ನಿಂದ ಸೂಪರ್ ಮಾರ್ಕೆಟ್‌ಗೆ, ಅಲ್ಲಿಂದ ವಾಪಸ್, ಹೀಗೆ ನಿಂತು ನಿಂತು ಓಡಿದರೆ ಅಷ್ಟು ಬಿಸಿ ಏರುವುದೇ ಕಷ್ಟ. ಮಸಿ ಕಟ್ಟುತ್ತದೆ, ಮೀಟರ್‌ನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ, ಗಾಡಿ ಎಳೆಯುವುದಿಲ್ಲ. ದೀಪ ಹತ್ತಿದ ಕೂಡಲೇ ಹುಮನಾಬಾದ್ ರಸ್ತೆಗೆ ಹೋಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಸುಮ್ನೆ ಬಿಟ್ಟರೆ ಖರ್ಚು ಜಾಸ್ತಿ.

ಬಿಎಸ್4 ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಈ ಕಾಟವಿಲ್ಲ. ಆದರೆ ವಯಸ್ಸಾಗಿದೆ ಅಲ್ವಾ? ಟರ್ಬೊ, ಇಂಜೆಕ್ಟರ್, ರೇಡಿಯೇಟರ್ ಒಂದೊಂದಾಗಿ ಕೈಕೊಡುತ್ತವೆ. ನಮ್ಮ ಮೇ ಬಿಸಿಲಲ್ಲಿ ರೇಡಿಯೇಟರ್ ಮೊದಲು. 8 ವರ್ಷ ದಾಟಿದರೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್, ವರ್ಷವರ್ಷವೂ ಮಾಡಿಸಬೇಕು.

ಶಹಾಬಾದ್ ಕಲ್ಲು ಮಿತಿ ಮೀರಿ ಹೇರಿದರೆ ಎರಡರಲ್ಲೂ ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಮುರಿಯುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ. ಅದಕ್ಕೆ ಗಾಡಿಯನ್ನು ಬೈಯಬೇಡಿ.

ಸೇಡಂ, ಬೀದರ್ ಕಡೆಗೆ ದಿನಾ ಓಡುವವರಿಗೆ ನಾನು ಬಿಎಸ್6 ಅನ್ನುತ್ತೇನೆ. ಊರೊಳಗಿನ ಬಾಡಿಗೆಯೇ ಜಾಸ್ತಿ ಅಂದರೆ ಒಬ್ಬರೇ ಓಡಿಸಿದ, ಸರ್ವಿಸ್ ಚೀಟಿ ಇರುವ ಬಿಎಸ್4 ಸಾಕು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ ನೋಡಿ.