ನಿಂತಲ್ಲೇ ತುಕ್ಕು ಹಿಡಿದ ವಿಮಾನ: ಹೊಸ ಪೈಲಟ್‌ಗಳು ಮುಂಗಡ ಕೊಡುವ ಮುನ್ನ ಓದಿ

ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂದ ಆರನೇ ತಿಂಗಳಿಗೆ ನಾನು ಎರಡು ಸೀಟಿನ ಒಂದು ಹಳೆಯ ಸೆಸ್ನಾ 152 ವಿಮಾನದಲ್ಲಿ ಕಾಲು ಪಾಲಿಗೆ 11.5 ಲಕ್ಷ ರೂಪಾಯಿ ಕೊಟ್ಟೆ. ಎರಡು ವರ್ಷದ ಮೇಲೆ ಅದನ್ನು ಮಾರಿದಾಗ ನನ್ನ ಪಾಲಿಗೆ ಬಂದದ್ದು 6.75 ಲಕ್ಷ. ನಡುವೆ ಖರ್ಚಿನ ಪಾಲೆಂದು ಇನ್ನೂ 5 ಲಕ್ಷ ಹೋಗಿತ್ತು. ಇಷ್ಟಕ್ಕೆ ನಾನು ಆ ವಿಮಾನದಲ್ಲಿ ಹಾರಿದ್ದು ಒಟ್ಟು 19 ಗಂಟೆ. ಲೆಕ್ಕ ಹಾಕಿ ನೋಡಿ, ಗಂಟೆಗೆ 50 ಸಾವಿರ ದಾಟುತ್ತದೆ, ಅದೂ ಇಂಧನ ಬಿಟ್ಟು. ಅದೇ ಮಾದರಿಯ ವಿಮಾನವನ್ನು ಫ್ಲೈಯಿಂಗ್ ಕ್ಲಬ್‌ನಲ್ಲಿ ಬಾಡಿಗೆಗೆ ಪಡೆದಿದ್ದರೆ ಇಂಧನವೂ ಸೇರಿ ಗಂಟೆಗೆ 14 ಸಾವಿರ ಆಗುತ್ತಿತ್ತು.

ನಾನು ವ್ಯಾಪಾರಿ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ತೊಗರಿಬೇಳೆಯ ಮಿಲ್ ಇದೆ. ಗಂಜ್ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಹತ್ತು ರೂಪಾಯಿ ಹೆಚ್ಚು ಕಡಿಮೆಗೆ ಅರ್ಧ ಗಂಟೆ ಜಗ್ಗಾಡುವವನು ಈ ಲೆಕ್ಕ ತಪ್ಪಿದ್ದು ಹೇಗೆ ಎಂದು ನನ್ನ ಮುನೀಮರು ಇವತ್ತಿಗೂ ಕೇಳುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ, ನೋಟದಲ್ಲೇ ಕೇಳುತ್ತಾರೆ.

2019ರ ನವೆಂಬರ್‌ನಲ್ಲಿ ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಅಲ್ಲಿಗೆ ವೈಮಾನಿಕ ತರಬೇತಿಯೂ ಬಂತು. ಹುಡುಗ ಹುಡುಗಿಯರು ಸಣ್ಣ ವಿಮಾನಗಳಲ್ಲಿ ಗಿರಕಿ ಹೊಡೆಯುವುದನ್ನು ನೋಡಿ ನೋಡಿ ನನಗೂ ಹುಚ್ಚು ಹತ್ತಿತು. ಆಗ ವಯಸ್ಸು 45. ವೈದ್ಯಕೀಯ ಪರೀಕ್ಷೆ, ಬರಹದ ಪರೀಕ್ಷೆ, ರೇಡಿಯೊ ಪರೀಕ್ಷೆ ಎಲ್ಲವನ್ನೂ ಮುಗಿಸಿ, ನಿಯಮದ ಪ್ರಕಾರ ಕನಿಷ್ಠ 40 ಗಂಟೆ ಹಾರಬೇಕಾದಲ್ಲಿ ನಾನು 63 ಗಂಟೆ ಹಾರಿ ಲೈಸೆನ್ಸ್ ಪಡೆದೆ. ಮಿಲ್ ಬಿಟ್ಟು ಹೋಗಲು ಆಗುತ್ತಿದ್ದ ದಿನಗಳನ್ನು ನೋಡಿಕೊಂಡು ಬೇರೆ ಊರಿನ ಒಂದು ಕ್ಲಬ್‌ನಲ್ಲಿ ಕಲಿತೆ. ಅಲ್ಲಿಯೇ ಬಾಡಿಗೆಗೂ ಹಾರುತ್ತಿದ್ದೆ.

ಬಾಡಿಗೆಯ ಕಿರಿಕಿರಿಯನ್ನೂ ಹೇಳಬೇಕು, ಇಲ್ಲವಾದರೆ ನಾನು ಏಕೆ ಜಾರಿದೆ ಎಂಬುದು ತಿಳಿಯುವುದಿಲ್ಲ. ಕ್ಲಬ್‌ಗೆ ಮೊದಲು ಮುಖ್ಯ ಅದರ ವಿದ್ಯಾರ್ಥಿಗಳು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಪೂರೈಸಬೇಕಾದ ಹುಡುಗನ ಮುಂದೆ ಭಾನುವಾರದ ಹವ್ಯಾಸಿಗೆ ಯಾರು ಮಣೆ ಹಾಕುತ್ತಾರೆ? ರಾತ್ರಿಯೆಲ್ಲಾ ಕಾರು ಓಡಿಸಿ ಬೆಳಗಿನ ಆರಕ್ಕೆ ಹೋಗಿ ನಿಂತರೆ, ವಿಮಾನ ತಪಾಸಣೆಗೆ ಹೋಗಿದೆ ಎನ್ನುತ್ತಿದ್ದರು. ಐದು ತಿಂಗಳಲ್ಲಿ 11 ಗಂಟೆ ಮಾತ್ರ ಸಿಕ್ಕಿತು. ವಿಮಾನವನ್ನು ಇನ್ನೊಂದು ಊರಿಗೆ ಒಯ್ದು ರಾತ್ರಿ ಅಲ್ಲೇ ಉಳಿಸಿಕೊಳ್ಳುವ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿರುವವನನ್ನು ಮಾರಾಟಗಾರ ಬೇಗ ಗುರುತು ಹಿಡಿಯುತ್ತಾನೆ.

ಪರಿಚಯದವರ ಮೂಲಕ ಒಬ್ಬ ಮಧ್ಯವರ್ತಿ ಬಂದ. ಹೆಸರು ಬೇಡ. ‘ಸಾಹುಕಾರರೇ, ಸ್ವಂತ ಎತ್ತು ಇದ್ದವನಿಗೇ ಹೊಲ ಹದಕ್ಕೆ ಬಂದಾಗ ಬಿತ್ತನೆ’ ಎಂದ. ರೈತರ ಮನೆಯಿಂದ ಬಂದವನಿಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬೆಲೆ 46 ಲಕ್ಷ. ನಾನು, ನನ್ನ ಷಡ್ಡಕ, ಒಬ್ಬ ಡಾಕ್ಟರು, ಒಬ್ಬ ಗುತ್ತಿಗೆದಾರರು ಹೀಗೆ ನಾಲ್ವರು ಸೇರಿದೆವು. ಷಡ್ಡಕನಿಗೆ ಲೈಸೆನ್ಸ್ ಇನ್ನೂ ಬಂದಿರಲಿಲ್ಲ, ಆದರೆ ಬಂದೇ ಬರುತ್ತದೆ ಎಂಬ ನಂಬಿಕೆ ಇತ್ತು.

ಆತ ಕೊಟ್ಟ ಲೆಕ್ಕ ಒಂದೇ ಹಾಳೆಯದ್ದು. ಈ ವಿಮಾನ ಗಂಟೆಗೆ 23–24 ಲೀಟರ್ ಕುಡಿಯುತ್ತದೆ, ಇಂಧನಕ್ಕೆ ಗಂಟೆಗೆ ಐದೂವರೆ ಸಾವಿರ, ಕ್ಲಬ್ ಬಾಡಿಗೆ 14 ಸಾವಿರ, ಅಂದರೆ ಗಂಟೆಗೆ ಎಂಟೂವರೆ ಸಾವಿರ ಉಳಿತಾಯ. ಸುಳ್ಳು ಒಂದೂ ಇರಲಿಲ್ಲ ಆ ಹಾಳೆಯಲ್ಲಿ. ವಿಮಾನ ಹಾರದೆ ನಿಂತಾಗ ಆಗುವ ಖರ್ಚು ಮಾತ್ರ ಇರಲಿಲ್ಲ.

ಆ ಖರ್ಚು ಇದು: ವಿಮೆ, ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಬಾಡಿಗೆ, ನಿರ್ವಹಣಾ ಸಂಸ್ಥೆಯ ವಾರ್ಷಿಕ ಒಪ್ಪಂದ, ಪ್ರತಿ ವರ್ಷ ಹಾರಾಟ ಯೋಗ್ಯತೆಯ ಪರಿಶೀಲನಾ ಪ್ರಮಾಣಪತ್ರವನ್ನು ನವೀಕರಿಸಲು ಮಾಡಿಸುವ ದೊಡ್ಡ ತಪಾಸಣೆ. ಕಾರಿನ ಹಾಗೆ ಗೊತ್ತಿದ್ದ ಮೆಕ್ಯಾನಿಕ್ ಹತ್ತಿರ ಒಯ್ದು ಸ್ಪ್ಯಾನರ್ ಆಡಿಸುವಂತಿಲ್ಲ. ಅನುಮತಿ ಪಡೆದ ಸಂಸ್ಥೆಯ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕಬೇಕು. ನಮಗೆ ಇವೆಲ್ಲ ಸೇರಿ ವರ್ಷಕ್ಕೆ 10 ಲಕ್ಷ ಬಂತು. ಹಾರಿದರೂ ಅಷ್ಟೇ, ಹಾರದಿದ್ದರೂ ಅಷ್ಟೇ. ನಮ್ಮಲ್ಲಿ ಜಾಗ ಸಿಗದೆ ವಿಮಾನವನ್ನು ನೆರೆ ರಾಜ್ಯದ ಒಂದು ಏರ್‌ಸ್ಟ್ರಿಪ್‌ನಲ್ಲಿ ಇಟ್ಟೆವು. ಬಾಡಿಗೆಯ ವಿಮಾನಕ್ಕಾಗಿ ದೂರ ಹೋಗುವುದು ಬೇಡವೆಂದು ಸ್ವಂತದ್ದು ಕೊಂಡವರು, ಸ್ವಂತದ್ದಕ್ಕಾಗಿ ಐದು ಗಂಟೆ ಕಾರಿನಲ್ಲಿ ಹೋಗುತ್ತಿದ್ದೆವು.

ಮೊದಲ ವರ್ಷ ಎಲ್ಲರೂ ಸೇರಿ ಹಾರಿದ್ದು 58 ಗಂಟೆ. 10 ಲಕ್ಷವನ್ನು 58ರಿಂದ ಭಾಗಿಸಿದರೆ ಗಂಟೆಗೆ 17 ಸಾವಿರ ದಾಟಿತು. ಇಂಧನ ಸೇರಿಸಿದರೆ 22 ಸಾವಿರದ ಮೇಲೆ. ಬಾಡಿಗೆಗೆ ಸಮ ಬರಬೇಕಾದರೆ ವರ್ಷಕ್ಕೆ ಸುಮಾರು 118 ಗಂಟೆ ಹಾರಬೇಕಿತ್ತು. ಎಂಜಿನ್ ಬಿಚ್ಚಿ ಪೂರ್ತಿ ಹೊಸದು ಮಾಡಿಸುವ, ಅಂದರೆ ಓವರ್‌ಹಾಲ್ ಮಾಡಿಸುವ ದಿನಕ್ಕೆಂದು ಎತ್ತಿಡಬೇಕಾದ ಹಣವನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ಅಷ್ಟು ಹಾರಲು ದಿನಗಳಾದರೂ ಎಲ್ಲಿವೆ? ನಮ್ಮಂಥವರು ಕಣ್ಣಿಗೆ ಕಾಣುವ ಹವೆಯಲ್ಲಿ, ಹಗಲಿನಲ್ಲಿ ಮಾತ್ರ ಹಾರಬೇಕು. ಮಳೆಗಾಲದಲ್ಲಿ ಮೋಡ ಕೆಳಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಚೆನ್ನ, ಆದರೆ ಅದೇ ತೊಗರಿಯ ಸುಗ್ಗಿ, ಮಿಲ್ ಬಿಟ್ಟು ಕದಲುವ ಹಾಗಿಲ್ಲ. ಇನ್ನು ಬೇಸಿಗೆ. ನಮ್ಮ ಕಡೆಯ ನೆಲ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಲಿನಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆ ಎಂದರೆ, ರನ್‌ವೇ ಐದು ಸಾವಿರ ಅಡಿ ಎತ್ತರದಲ್ಲಿ ಇದ್ದಂತೆ ವಿಮಾನ ವರ್ತಿಸುತ್ತದೆ. 110 ಅಶ್ವಶಕ್ತಿಯ ಎಂಜಿನ್ ನರಳುತ್ತದೆ. ಈ ವಿಮಾನದ ಗರಿಷ್ಠ ತೂಕ 757 ಕೆ.ಜಿ. ನಮ್ಮದರ ಖಾಲಿ ತೂಕವೇ 515. ಟ್ಯಾಂಕ್ ತುಂಬಿಸಿದರೆ ಇಂಧನ 70. ಉಳಿದದ್ದು 172. ನಾನು 92, ಡಾಕ್ಟರು 88. ತೂಕದ ಹಾಳೆ ಬರೆದ ದಿನ ಇಬ್ಬರೂ ಒಬ್ಬರ ಹೊಟ್ಟೆಯನ್ನು ಒಬ್ಬರು ನೋಡಿಕೊಂಡೆವು.

ಬೀದರ್‌ಗೆ ಅರ್ಧ ಗಂಟೆಯಲ್ಲಿ ಹಾರಿ ಹೋಗಿ ತಿಂಡಿ ತಿಂದು ಬರುವ ಕನಸೂ ಆ ಮಧ್ಯವರ್ತಿ ಕೊಟ್ಟದ್ದೇ. ಬೀದರ್ ವಾಯುಪಡೆಯ ನೆಲೆ. ಮುಂಚಿತವಾಗಿ ಅನುಮತಿ ಇಲ್ಲದೆ ಅಲ್ಲಿ ಇಳಿಯುವುದಿರಲಿ, ಹತ್ತಿರ ಸುಳಿಯುವಂತೆಯೂ ಇಲ್ಲ. ಎಲ್ಲಿಗೆ ಹೊರಟರೂ ಫ್ಲೈಟ್ ಪ್ಲಾನ್ ಸಲ್ಲಿಸಿ ವಾಯು ರಕ್ಷಣೆಯ ಕ್ಲಿಯರೆನ್ಸ್ ನಂಬರ್ ಪಡೆಯಬೇಕು. ಮೋಟಾರ್ ಸೈಕಲ್ ಒದ್ದು ಹೊರಡುವ ಹಾಗಲ್ಲ.

ಇನ್ನೊಂದು ಮಾತನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿ. ‘ನೀವು ಹಾರದ ದಿನ ಬೇರೆ ಪೈಲಟ್‌ಗಳಿಗೆ ಬಾಡಿಗೆಗೆ ಬಿಡೋಣ, ವಿಮಾನ ತನ್ನ ಮೇವನ್ನು ತಾನೇ ದುಡಿದುಕೊಳ್ಳುತ್ತದೆ’ ಎಂದಿದ್ದ ಆತ. 46 ಲಕ್ಷದ ಪೈಕಿ ಎಷ್ಟೋ ಪಾಲನ್ನು ನಾವು ಕೊಟ್ಟದ್ದು ಈ ಮಾತಿಗೆ. ನಮ್ಮ ವಿಮಾನ ನೋಂದಣಿಯಾಗಿದ್ದದ್ದು ಖಾಸಗಿ ಬಳಕೆಗೆ. ಹಾಗೆ ನೋಂದಣಿಯಾದದ್ದನ್ನು ಬಾಡಿಗೆಗೋ ಪ್ರತಿಫಲಕ್ಕೋ ಓಡಿಸುವಂತಿಲ್ಲ. ಪ್ರೈವೇಟ್ ಲೈಸೆನ್ಸ್ ಇರುವವರು ಹಣ ಪಡೆದು ಹಾರಿಸುವಂತೆಯೂ ಇಲ್ಲ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ ನಿಜ, ಅದರಿಂದ ಈ ಆಸೆಗೆ ಬಾಗಿಲೇನೂ ತೆರೆದಿಲ್ಲ. ವಿಮೆ ಕಂಪನಿಯ ಕಾಗದ ಓದುವಾಗ ನನಗೆ ಇದು ತಿಳಿಯಿತು. ಮುಂಗಡ ಕೊಟ್ಟು ಆಗ ಎರಡು ತಿಂಗಳಾಗಿತ್ತು.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆವೇನೋ. ನಮ್ಮನ್ನು ಮುಳುಗಿಸಿದ್ದು ಎಂಜಿನ್.

ಮಾರುವಾಗ ಆತ ಹೆಮ್ಮೆಯಿಂದ ತೋರಿಸಿದ್ದು ಲಾಗ್‌ಬುಕ್‌ನ ಒಂದು ಸಂಖ್ಯೆ: ಎಂಜಿನ್ ಓವರ್‌ಹಾಲ್ ಆದ ಮೇಲೆ ಓಡಿದ್ದು 610 ಗಂಟೆ. ತಯಾರಕರು ಕೊಟ್ಟ ಮಿತಿ 2,400 ಗಂಟೆ. ಮುಕ್ಕಾಲು ಆಯುಷ್ಯ ಬಾಕಿ ಇದೆ ಎಂದು ನಾವು ಹಿಗ್ಗಿದೆವು. ಅದೇ ತಯಾರಕರು ಗಂಟೆಯ ಜೊತೆಗೆ ವರ್ಷದ ಮಿತಿಯನ್ನೂ ಹೇಳಿದ್ದಾರೆ: 12 ವರ್ಷ. ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು. ನಮ್ಮ ಎಂಜಿನ್ ಓವರ್‌ಹಾಲ್ ಆಗಿ 11 ವರ್ಷ ಕಳೆದಿತ್ತು. ಅದರಲ್ಲಿ ಕೊನೆಯ ಎರಡು ವರ್ಷ ವಿಮಾನ ಒಂದು ಮೂಲೆಯಲ್ಲಿ ಹಾರದೆ ನಿಂತಿತ್ತು. ಆ ಪುಟಗಳೂ ಲಾಗ್‌ಬುಕ್‌ನಲ್ಲೇ ಇದ್ದವು. ನಾನು ತಿರುವಿ ನೋಡಲಿಲ್ಲ.

ನಿಂತ ಎಂಜಿನ್ ಏಕೆ ಕೆಡುತ್ತದೆ ಎಂಬುದು ನನಗೆ ಬೇರೆಯವರು ಹೇಳಿಕೊಡಬೇಕಾದ ವಿಷಯವಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಿಲ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಮೊದಲು ಕೂಗುವುದು ಬೇರಿಂಗ್. ನಮ್ಮ ವಿಮಾನದಲ್ಲಿದ್ದಂಥ ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ಕವಾಟಗಳನ್ನು ತೆರೆಯುವ ಉಬ್ಬುಗಳಿರುವ ದಂಡ, ಮೇಲುಗಡೆ ಇರುತ್ತದೆ. ಓಡುವಾಗ ಎಣ್ಣೆ ಚಿಮ್ಮಿ ಅದನ್ನು ತೋಯಿಸುತ್ತದೆ. ನಿಲ್ಲಿಸಿ ವಾರಗಳಾದರೆ ಎಣ್ಣೆಯೆಲ್ಲ ಕೆಳಗಿಳಿದು ಅದು ಬತ್ತಲಾಗುತ್ತದೆ, ತೇವಕ್ಕೆ ತುಕ್ಕು ಏಳುತ್ತದೆ. ಆಮೇಲೆ ಓಡಿಸಿದಾಗ ಆ ತುಕ್ಕೇ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ನಡುನಡುವೆ ನೆಲದ ಮೇಲೆಯೇ ಹತ್ತು ನಿಮಿಷ ಚಾಲೂ ಮಾಡಿಟ್ಟರೆ ಸಾಕು ಎನ್ನುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಎಣ್ಣೆಯೊಳಗಿನ ನೀರು ಆವಿಯಾಗುವಷ್ಟು ಬಿಸಿ ಬರುವುದಿಲ್ಲ.

ಮೊದಲ 50 ಗಂಟೆಯ ತಪಾಸಣೆಯಲ್ಲಿ ಹಳೆಯ ಎಣ್ಣೆ ಸೋಸಿದಾಗ ಹೊಳೆಯುವ ಚೂರುಗಳು ಕಂಡವು. ಕೆಲವು ಗಂಟೆ ಹಾರಿಸಿ ಮತ್ತೆ ನೋಡೋಣ ಎಂದರು ಎಂಜಿನಿಯರ್. ಎಂಟು ಗಂಟೆಯ ಮೇಲೆ ವಾರ್ಷಿಕ ತಪಾಸಣೆ ಬಂತು, ಚೂರುಗಳು ಹೆಚ್ಚಾಗಿದ್ದವು. ಒಂದು ಸಿಲಿಂಡರ್ ಕಳಚಿ ಟಾರ್ಚ್ ಬಿಟ್ಟು ನನ್ನನ್ನು ಕರೆದು ತೋರಿಸಿದರು. ಕ್ಯಾಮ್‌ನ ಉಬ್ಬಿನ ಮೇಲೆ ಸಿಡುಬಿನ ಕಲೆಯಂಥ ತೂತುಗಳು. ಓವರ್‌ಹಾಲ್‌ಗೆ 19 ಲಕ್ಷದ ಅಂದಾಜು, ಬಿಡಿಭಾಗ ವಿದೇಶದಿಂದ ಬರಬೇಕು, ಎಂಟು ತಿಂಗಳಾದರೂ ಬೇಕು.

ಪಾಲುದಾರರ ನಡುವಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಮನೆಯ ವಿಷಯವೂ ಅದರಲ್ಲಿದೆ. ಒಂದೂ ಗಂಟೆ ಹಾರದ ಷಡ್ಡಕ, ತಾನೇಕೆ 4.75 ಲಕ್ಷ ಕೊಡಬೇಕು ಎಂದ. ಹೆಚ್ಚು ಹಾರಿದ ಗುತ್ತಿಗೆದಾರರು, ತುಕ್ಕು ಹಿಡಿಸಿದ್ದು ತಾವಲ್ಲ ಎಂದರು. ಇಬ್ಬರ ಮಾತೂ ಸರಿಯೇ. ನಮ್ಮ ನಡುವೆ ಇದ್ದದ್ದು ನೂರು ರೂಪಾಯಿ ಛಾಪಾ ಕಾಗದದ ಮೇಲೆ ಒಂದೂವರೆ ಪುಟದ ಕರಾರು. ಸ್ಥಿರ ಖರ್ಚು ಹೇಗೆ ಹಂಚಿಕೆ, ಎಂಜಿನ್ ಹೋದರೆ ಯಾರು ಎಷ್ಟು, ಒಬ್ಬರು ಬಿಟ್ಟುಹೋದರೆ ಅವರ ಪಾಲಿಗೆ ಯಾವ ಬೆಲೆ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಜಗಳದಲ್ಲೇ ಇನ್ನೊಂದು ವರ್ಷದ ವಿಮೆ, ಹ್ಯಾಂಗರ್ ಬಾಡಿಗೆ ಕಟ್ಟಿದೆವು. ಕೊನೆಗೆ ಇದ್ದಂತೆಯೇ 27 ಲಕ್ಷಕ್ಕೆ ಹೋಯಿತು. ಷಡ್ಡಕ ಈಗ ಶರಣಬಸವೇಶ್ವರರ ಜಾತ್ರೆಯಲ್ಲಿ ಎದುರಾದರೆ ಮಾತನಾಡಿಸುತ್ತಾನೆ, ವಿಮಾನದ ಸುದ್ದಿ ಬಿಟ್ಟು.

ಕೊಳ್ಳಲೇಬೇಕು ಎಂದು ಹಟ ಹಿಡಿದವರು ಇಷ್ಟಾದರೂ ಮಾಡಿ. ಮಾರುವವರಿಗೆ ಸಂಬಂಧವೇ ಇಲ್ಲದ ಎಂಜಿನಿಯರ್‌ಗೆ ನಿಮ್ಮ ಹಣ ಕೊಟ್ಟು ಕರೆದೊಯ್ಯಿರಿ. ನಾವು ಮಾರುವವನ ಎಂಜಿನಿಯರ್‌ನ ಮಾತಿಗೇ ತಲೆಯಾಡಿಸಿದೆವು, ಹೆಣ್ಣಿನ ಕಡೆಯ ದಲಾಲಿಯನ್ನೇ ಗಂಡಿನ ಕಡೆಗೂ ಕೂರಿಸಿಕೊಂಡ ಹಾಗೆ. ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ಸೋರದೆ ನಿಲ್ಲುತ್ತದೆಯೇ ಎಂದು ನೋಡಿಸಿ, ಒಳಗೆ ಕ್ಯಾಮೆರಾ ಬಿಡಿಸಿ, ಎಣ್ಣೆ ಸೋಸಿಸಿ. ಲಾಗ್‌ಬುಕ್ ಮೊದಲ ಪುಟದಿಂದ ಇದೆಯೇ ನೋಡಿ. ಒಟ್ಟು ಗಂಟೆಗಿಂತ, ಕಳೆದ ಮೂರು ವರ್ಷ ತಿಂಗಳು ತಿಂಗಳಿಗೆ ಎಷ್ಟು ಹಾರಿದೆ ಎಂಬುದನ್ನು ಬೆರಳಿಟ್ಟು ಓದಿ. ಹ್ಯಾಂಗರ್ ಜಾಗ ಕಾಗದದಲ್ಲಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಮತ್ತು ನಿಮ್ಮ ಹಾರಾಟದ ಪುಸ್ತಕ ತೆಗೆದು, ಬಾಡಿಗೆಗೆ ಸಿಕ್ಕಾಗ ನೀವು ನಿಜವಾಗಿ ವರ್ಷಕ್ಕೆ ಎಷ್ಟು ಹಾರಿದ್ದೀರಿ ನೋಡಿ. ಸ್ವಂತದ್ದಾದರೆ ಅದರ ಮೂರು ಪಟ್ಟು ಹಾರುತ್ತೇನೆ ಎಂದು ನಾನೂ ಅಂದುಕೊಂಡಿದ್ದೆ.

ಸ್ವಂತ ವಿಮಾನ ಯಾರಿಗೂ ಬೇಡ ಎನ್ನುತ್ತಿಲ್ಲ. ವರ್ಷಕ್ಕೆ ನೂರೈವತ್ತು ಗಂಟೆ ಹಾರುವವರು, ಮನೆಯಿಂದ ಅರ್ಧ ಗಂಟೆಯಲ್ಲಿ ಹ್ಯಾಂಗರ್ ಇರುವವರು ಇದ್ದಾರೆ. ಹೊಸದಾಗಿ ಲೈಸೆನ್ಸ್ ಪಡೆದ ಬೇಳೆ ವ್ಯಾಪಾರಿ ಅವರಲ್ಲಿ ಒಬ್ಬನಲ್ಲ.

ನಾನು ಈಗ ಮತ್ತೆ ಅದೇ ಕ್ಲಬ್‌ನ ಬಾಡಿಗೆಯ ಸರದಿಯಲ್ಲಿ ನಿಂತಿದ್ದೇನೆ. ಮೊನ್ನೆ ಶನಿವಾರ ರಾತ್ರಿ ಹೊರಡಲು ಬ್ಯಾಗ್ ಹಿಡಿದಿದ್ದೆ, ಫೋನ್ ಬಂತು: ನಾಳೆ ಮೋಡ ಕೆಳಗಿರುತ್ತದೆಯಂತೆ, ಸ್ಲಾಟ್ ರದ್ದು. ಆಗಲಿ ಎಂದು ಬ್ಯಾಗ್ ಇಟ್ಟೆ. ‘ಎಷ್ಟು ಹೋಯಿತು?’ ಎಂದಳು ಹೆಂಡತಿ, ಅಡುಗೆಮನೆಯಿಂದಲೇ. ಏನೂ ಇಲ್ಲ ಎಂದೆ. ನಂಬಲಿಲ್ಲ, ಹೊರಗೆ ಬಂದು ನನ್ನ ಮುಖ ನೋಡಿ ಹೋದಳು.