ಜರ್ಮನಿಯಲ್ಲಿ ಸಂಶೋಧನೆ: ಫೆಲೋಶಿಪ್ಪೋ, ನೌಕರಿಯೋ?

ಜರ್ಮನಿಗೆ ಬರುವ ಸಂಶೋಧಕರಿಗೆ ಹಣ ಎರಡು ದಾರಿಯಲ್ಲಿ ಸಿಗುತ್ತದೆ: ಫೆಲೋಶಿಪ್, ಇಲ್ಲವೇ ವಿಶ್ವವಿದ್ಯಾಲಯದ ತಾತ್ಕಾಲಿಕ ನೌಕರಿ. ನಾನು ಮೊದಲು ಫೆಲೋಶಿಪ್‌ನಲ್ಲಿದ್ದೆ. ಅದು ಮುಗಿದ ಮೇಲೆ ಅದೇ ಪ್ರಯೋಗಾಲಯದಲ್ಲಿ ನೌಕರಿಗೆ ಸೇರಿದೆ. ವರ್ಷಕ್ಕಿಂತ ಹೆಚ್ಚು ಕಾಲ ಇರುವವರು ನೌಕರಿಯನ್ನೇ ಕೇಳಿ ಪಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫೆಲೋಶಿಪ್ಪಿನ ಲೆಕ್ಕ ಸರಳ. ಸಾಮಾನ್ಯವಾಗಿ ತೆರಿಗೆ ಇಲ್ಲ, ಕಡಿತವಿಲ್ಲ, ಹೇಳಿದಷ್ಟೂ ಖಾತೆಗೆ ಬೀಳುತ್ತದೆ. ಆದರೆ ಆರೋಗ್ಯ ವಿಮೆಯನ್ನು ನಾವೇ ಮಾಡಿಸಿಕೊಳ್ಳಬೇಕು. ನಾನು ಕೊಂಡ ಅಗ್ಗದ ಖಾಸಗಿ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಪರಿಹಾರವಿರಲಿಲ್ಲ. ಪಿಂಚಣಿ ಖಾತೆಗಂತೂ ಒಂದು ಸೆಂಟೂ ಸೇರುವುದಿಲ್ಲ.

ನೌಕರಿಯ ಸಂಬಳ ಚೀಟಿಯಲ್ಲಿ ಕಡಿತಗಳ ಸಾಲೇ ಇರುತ್ತದೆ. ಆದಾಯ ತೆರಿಗೆಯ ಕೆಳಗೆ ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಆರೋಗ್ಯ ವಿಮೆಗೆ ಶೇ. 7.3 ಮತ್ತು ವಿಮಾ ಸಂಸ್ಥೆಯ ಹೆಚ್ಚುವರಿ ವಂತಿಗೆಯ ಅರ್ಧ, ಕೊನೆಗೆ ಆರೈಕೆ ವಿಮೆ (ಮುಪ್ಪಿನಲ್ಲೋ ದೀರ್ಘ ಕಾಯಿಲೆಯಲ್ಲೋ ನೋಡಿಕೊಳ್ಳುವ ಖರ್ಚಿಗೆ). ಚರ್ಚ್ ತೆರಿಗೆ ಆಯಾ ಚರ್ಚಿನ ಸದಸ್ಯರಿಗೆ ಮಾತ್ರ. ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂ ಅನ್ನು ಗಮನವಿಟ್ಟು ತುಂಬಿ. ಇಷ್ಟೆಲ್ಲ ಕಳೆದರೂ ಆ ಹಣ ವ್ಯರ್ಥವಲ್ಲ. ಪಿಂಚಣಿಗೆ ನಾವು ಕೊಟ್ಟಷ್ಟನ್ನೇ ಉದ್ಯೋಗದಾತರೂ ಕಟ್ಟುತ್ತಾರೆ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಸಂಗಾತಿ, ಮಕ್ಕಳಿಗೆ ಬೇರೆ ವಂತಿಗೆ ಇಲ್ಲ. ಕುಟುಂಬ ಕರೆತರುವವರಿಗೆ ಇದೊಂದೇ ಕಾರಣ ಸಾಕು.

ನೌಕರಿಗೆ ಸೇರಿದ ಕೂಡಲೇ ಇನ್ನೊಂದು ಆಯ್ಕೆ ಎದುರಾಗುತ್ತದೆ. ಸಾರ್ವಜನಿಕ ವಲಯದ ಪೂರಕ ಪಿಂಚಣಿ ಸಂಸ್ಥೆಯಾದ ವಿಬಿಎಲ್‌ನಲ್ಲಿ ‘ಕ್ಲಾಸಿಕ್’ ಯೋಜನೆ ತಾನಾಗಿಯೇ ಶುರುವಾಗುತ್ತದೆ. ಪಶ್ಚಿಮ ಜರ್ಮನಿಯಲ್ಲಿ ಅದಕ್ಕೆ ಸಂಬಳದ ಶೇ. 1.81 ಕಡಿತ. 60 ತಿಂಗಳು ತುಂಬದಿದ್ದರೆ ಸಾಮಾನ್ಯವಾಗಿ ಪಿಂಚಣಿಯ ಹಕ್ಕು ಹುಟ್ಟುವುದಿಲ್ಲ. ಹಿಂದೆ ವಿಬಿಎಲ್‌ನಲ್ಲಿಲ್ಲದ, ಅಲ್ಪಾವಧಿಯ ಸಂಶೋಧಕರು ಅದರಿಂದ ವಿನಾಯಿತಿ ಪಡೆದು ‘ಎಕ್ಸ್‌ಟ್ರಾ’ ಯೋಜನೆಗೆ ಹೋಗಬಹುದು. ಅಲ್ಲಿ ಕಾಯುವ ಅವಧಿಯಿಲ್ಲ; ಉದ್ಯೋಗದಾತರು ಕಟ್ಟುವ ಮೊತ್ತ (ಗರಿಷ್ಠ ಶೇ. 4) ನಮ್ಮ ಹೆಸರಿನಲ್ಲೇ ಉಳಿಯುತ್ತದೆ. ಅರ್ಜಿಗೆ ಇರುವುದು ಸೇರಿದ ದಿನದಿಂದ ಎರಡೇ ತಿಂಗಳು. ಐದು ವರ್ಷ ಇರುವ ಖಾತರಿ ನನಗಿರಲಿಲ್ಲ, ಹಾಗಾಗಿ ‘ಎಕ್ಸ್‌ಟ್ರಾ’ ಆರಿಸಿಕೊಂಡೆ. ಮುಂದೆಯೂ ಇಲ್ಲಿನ ವಿಶ್ವವಿದ್ಯಾಲಯಗಳಲ್ಲೇ ದುಡಿಯುವವರಿಗೆ ‘ಕ್ಲಾಸಿಕ್’ ಮೇಲು.

ಊರಿಗೆ ಮರಳುವವರು ಶಾಸನಬದ್ಧ ಪಿಂಚಣಿಯ (ಸಂಬಳದಿಂದ ಶೇ. 9.3 ಕಡಿತವಾಗುವುದು ಇದಕ್ಕೇ) ವಿಷಯದಲ್ಲಿ ಆತುರಪಡಬಾರದು. ವಂತಿಗೆ 60 ತಿಂಗಳಿಗಿಂತ ಕಡಿಮೆಯಿದ್ದರೆ, ಐರೋಪ್ಯ ಒಕ್ಕೂಟ ಬಿಟ್ಟು 24 ತಿಂಗಳಾದ ಮೇಲೆ ಹಣ ವಾಪಸ್ ಕೇಳಬಹುದು, ನಿಜ. ಆದರೆ ಸಿಗುವುದು ನಮ್ಮ ಪಾಲು ಮಾತ್ರ. ಉದ್ಯೋಗದಾತರ ಪಾಲೂ ಹೋಗುತ್ತದೆ, ಆ ವರ್ಷಗಳ ಹಕ್ಕೂ ಅಳಿಯುತ್ತದೆ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಭಾರತದ ನೌಕರರ ಪಿಂಚಣಿ ಯೋಜನೆಯಲ್ಲಿನ ಸೇವಾವಧಿಯನ್ನೂ ಸೇರಿಸಿ, ಪಿಂಚಣಿಗೆ ಬೇಕಾದ ಆ 60 ತಿಂಗಳನ್ನು ಲೆಕ್ಕ ಹಾಕುತ್ತಾರೆ, ಪಿಂಚಣಿ ಭಾರತಕ್ಕೇ ಬರುತ್ತದೆ. ಬೆಂಗಳೂರಿನಲ್ಲಿ ಕೆಲವು ವರ್ಷ ಪಿಎಫ್ ಕಟ್ಟಿ ಬಂದವರಿಗೆ ಇದು ದೊಡ್ಡ ಅನುಕೂಲ. ನಾನು ನನ್ನ ಹಣವನ್ನು ಅಲ್ಲೇ ಬಿಡುತ್ತೇನೆ. ಪಿಂಚಣಿ ವಿಮಾ ಸಂಖ್ಯೆಯ ಪತ್ರವನ್ನೂ ಪ್ರತಿ ವರ್ಷ ಉದ್ಯೋಗದಾತರು ಕೊಡುವ ವಂತಿಗೆಯ ವಿವರವನ್ನೂ ಪಿಎಫ್ ದಾಖಲೆಗಳ ಜೊತೆಗೇ ಇಟ್ಟುಕೊಂಡಿದ್ದೇನೆ. ಮುಂದೆ ಅರ್ಜಿ ಹಾಕುವಾಗ ಕೇಳುವುದು ಇವನ್ನೇ.